ಬೋರ್ಡು ನೋಡಿ ದಾರಿ ಹಿಡಿಯಬೇಡಿ

ಪಾಲಾರಿವಟ್ಟಂ ಜಂಕ್ಷನ್ ಸುತ್ತ ಒಮ್ಮೆ ನಡೆದು ನೋಡಿ. ಒಇಟಿ, ಐಇಎಲ್‌ಟಿಎಸ್, ಜರ್ಮನ್ ಭಾಷೆ ಎಂದು ನರ್ಸುಗಳನ್ನು ಕರೆಯುವ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಕಳೆದ ತಿಂಗಳು ಅರಸೀಕೆರೆಯಿಂದ ಬಂದಿದ್ದ ಅಕ್ಕನ ಮಗಳು ಅಂಥದೊಂದು ಬೋರ್ಡಿನ ಫೋಟೊ ತೋರಿಸಿ, "ಚಿಕ್ಕಮ್ಮ, ನಾನು ಸೈಕಿಯಾಟ್ರಿಕ್ ನರ್ಸ್ ಪ್ರಾಕ್ಟಿಷನರ್ ಆಗ್ಬೇಕು. ಯಾವ ಕೋರ್ಸ್ ಸೇರ್ಲಿ?" ಎಂದಳು. ಅವಳದು ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷ.

ಆ ಹೆಸರಿನ ಹುದ್ದೆ ನಮ್ಮಲ್ಲಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು ನರ್ಸ್ ಪ್ರಾಕ್ಟಿಷನರ್ ಕೋರ್ಸನ್ನು ತೀವ್ರ ನಿಗಾ ಘಟಕಕ್ಕೆ ತಂದಿದೆ, ಹೆರಿಗೆ ವಿಭಾಗಕ್ಕೆ ತಂದಿದೆ. ಮಾನಸಿಕ ಆರೋಗ್ಯಕ್ಕೆ ತಂದಿಲ್ಲ. ಅಮೆರಿಕದಲ್ಲಿ ಅದಿದೆ: ಮೊದಲು ಎನ್‌ಕ್ಲೆಕ್ಸ್ ಬರೆದು ಅಲ್ಲಿನ ನರ್ಸ್ ಲೈಸೆನ್ಸ್, ಆಮೇಲೆ ಅದೇ ವಿಷಯದಲ್ಲಿ ಸ್ನಾತಕೋತ್ತರ ಅಥವಾ ಡಾಕ್ಟರೇಟ್, ಮತ್ತೊಂದು ಪರೀಕ್ಷೆ. ಪಾಸಾದವರು ರೋಗ ಗುರುತಿಸಿ ಔಷಧಿ ಬರೆಯುತ್ತಾರೆ. ಕೆಲವು ರಾಜ್ಯಗಳಲ್ಲಿ ಸ್ವತಂತ್ರವಾಗಿ, ಕೆಲವೆಡೆ ವೈದ್ಯರ ಜೊತೆ ಒಪ್ಪಂದದ ಮೇಲೆ.

ಇಲ್ಲಿ ನಮಗಿರುವುದು ಎರಡು ದಾರಿ: ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ, ಇಲ್ಲವೇ ಎರಡು ವರ್ಷದ ಎಂ.ಎಸ್ಸಿ. ಎರಡಕ್ಕೂ ನಿಮ್ಹಾನ್ಸ್ ಇದೆ. ಅದು ಇನ್ನೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎಂದಿದ್ದ 1950ರ ದಶಕದಲ್ಲೇ ಅಲ್ಲಿ ಮನೋರೋಗ ನರ್ಸಿಂಗ್ ಡಿಪ್ಲೊಮಾ ಶುರುವಾಗಿತ್ತು. ನರ್ಸಿಂಗ್ ಓದಲು ಮಲಯಾಳಿ ಮಕ್ಕಳು ರೈಲು ತುಂಬ ಮಂಗಳೂರು, ಬೆಂಗಳೂರಿಗೆ ಹೋಗುತ್ತಾರೆ. ನಮ್ಮ ಹುಡುಗಿ ದಾರಿ ಕೇಳಲು ಕೊಚ್ಚಿಗೆ ಬಂದಿದ್ದಳು!

ಆದರೆ ನಾನು ಅವಳಿಗೆ ಹೇಳಿದ್ದು ಕೋರ್ಸಿನ ವಿಷಯವಲ್ಲ. ಮೊದಲ ಎರಡು ವರ್ಷ ಕನ್ನಡ ಮಾತಾಡುವ ಮನೋರೋಗ ವಾರ್ಡಿನಲ್ಲಿ ಕೆಲಸ ಮಾಡು ಎಂದೆ.

ಕಾರಣವಿದೆ. ನಾನು ಕೇರಳಕ್ಕೆ ಬಂದ ಮೊದಲ ವರ್ಷ ತಿರುವನಂತಪುರದ ಒಂದು ಆಸ್ಪತ್ರೆಯಲ್ಲಿದ್ದೆ. ಅಲ್ಲಿ ಬೈಯುವಾಗ 'ಊಳಂಪಾರಕ್ಕೆ ಕಳಿಸಬೇಕು' ಅನ್ನುತ್ತಾರೆ, ನಾವು ನಿಮ್ಹಾನ್ಸ್ ಹೆಸರು ಹೇಳುವ ಹಾಗೆ. ಸರ್ಕಾರಿ ಮಾನಸಿಕ ಆಸ್ಪತ್ರೆ ಇರುವ ಜಾಗ ಅದು. ಮಲಯಾಳಂ ಅಷ್ಟಿಷ್ಟು ಬರುತ್ತಿತ್ತು. ಒಂದು ರಾತ್ರಿ ಮಾತ್ರೆ ಕೊಡುವಾಗ ಹಿರಿಯರೊಬ್ಬರು, ನಾಳೆಯಿಂದ ನಿಮಗೆ ತೊಂದರೆ ಕೊಡೋದಿಲ್ಲ ಸಿಸ್ಟರ್, ಎಂದರು. ಪದ ಪದವೂ ಅರ್ಥವಾಯಿತು. ಉಪಚಾರದ ಮಾತು ಅಂದುಕೊಂಡು ನಕ್ಕು ಮುಂದಿನ ಹಾಸಿಗೆಗೆ ಹೋದೆ. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ನನ್ನ ಕೈಯಿಂದ ಟ್ರೇ ತೆಗೆದಿಟ್ಟು ಅವರ ಹತ್ತಿರ ಹೋಗಿ ಕೂತರು. ಡ್ಯೂಟಿ ಡಾಕ್ಟರನ್ನು ಕರೆಸಿ, ಬೆಳಗಿನವರೆಗೂ ಕದಲಲಿಲ್ಲ. ಅವರ ದಿಂಬಿನ ಕೆಳಗೆ ಕೂಡಿಟ್ಟ ಮಾತ್ರೆಗಳಿದ್ದವು. ಅದೇ ಮಾತನ್ನು ಕನ್ನಡದಲ್ಲಿ ಕೇಳಿದ್ದರೆ ನನಗೂ ಎದೆ ಧಸಕ್ಕೆನ್ನುತ್ತಿತ್ತು.

ಬೇರೆ ವಾರ್ಡಿನಲ್ಲಿ ಬಿಪಿ ಮಿಷನ್ನು ಹೇಳುತ್ತದೆ, ಮಾನಿಟರ್ ಕೂಗುತ್ತದೆ. ನಮ್ಮಲ್ಲಿ ಮಾತೇ ಮಾನಿಟರ್. ಯಾವ ಮಾತು ಬರೀ ಮಾತು, ಯಾವುದು ಸೂಚನೆ ಎಂಬುದು ಸ್ವಂತ ಭಾಷೆಯಲ್ಲಿ ಒಮ್ಮೆ ಕಿವಿಗೆ ಹತ್ತಿದರೆ, ಬೇರೆ ಭಾಷೆಯಲ್ಲಿ 'ಇದು ನನಗೆ ಅರ್ಥವಾಗಲಿಲ್ಲ' ಅನ್ನುವುದಾದರೂ ಗೊತ್ತಾಗುತ್ತದೆ. ಭಾಷಾ ಪರೀಕ್ಷೆಯ ಒಳ್ಳೆಯ ಅಂಕ ಇದನ್ನು ಕೊಡುವುದಿಲ್ಲ.

ಹೊರದೇಶಕ್ಕೆ ಹೋಗಬೇಡಿ ಎನ್ನುತ್ತಿಲ್ಲ. ಡಿಪ್ಲೊಮಾ ಮುಗಿಸಿದ ಮೇಲೂ ನಾನು ಕೆಲಸಕ್ಕಿದ್ದ ಒಂದು ಕಡೆ ನನ್ನನ್ನು ಮೂಳೆ ವಿಭಾಗಕ್ಕೆ ಹಾಕಿದ್ದರು. ಸಂಬಳ ನೂರು ರೂಪಾಯಿಯೂ ಏರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ 'ಮಾನಸಿಕ ಆರೋಗ್ಯ ನರ್ಸ್' ಎಂದು ನಮ್ಮ ಹೆಸರಿದೆ, ಆದರೆ ಡ್ಯೂಟಿ ಪಟ್ಟಿ ಬರೆಯುವವರಿಗೆ ನಾವೆಲ್ಲ ಒಂದೇ. ಹೆರಿಗೆಗೆ, ಐಸಿಯುಗೆ ನರ್ಸ್ ಪ್ರಾಕ್ಟಿಷನರ್ ಬೇಕೆಂದು ಒಪ್ಪಿದ ಪರಿಷತ್ತು ಮನೋರೋಗಕ್ಕೂ ಒಪ್ಪಬೇಕು. ತಾಲ್ಲೂಕು ಆಸ್ಪತ್ರೆಗೆ ಬರುವ ಹಳೆಯ ರೋಗಿಯ ಮಾತ್ರೆ ಮುಂದುವರಿಸಲು, ಅಡ್ಡಪರಿಣಾಮ ನೋಡಲು ತರಬೇತಾದ ನರ್ಸ್ ಸಾಕು. ಅಷ್ಟು ಅಧಿಕಾರ ಇಲ್ಲೇ ಸಿಕ್ಕರೆ ಎಷ್ಟೋ ಮಂದಿ ವಿಮಾನ ಹತ್ತುವುದಿಲ್ಲ.

"ಎರಡು ವರ್ಷ ಕಾಯೋಕೆ ಅಪ್ಪ ಒಪ್ಪಲ್ಲ ಚಿಕ್ಕಮ್ಮ," ಎಂದಳು ಹುಡುಗಿ. ಭಾವ ಆಗಲೇ ಬ್ಯಾಂಕಿನಲ್ಲಿ ಸಾಲದ ಅರ್ಜಿ ತಂದಿಟ್ಟಿದ್ದಾರಂತೆ. ಈ ಭಾನುವಾರ ಅವರಿಗೆ ಫೋನ್ ಮಾಡಬೇಕು.