ಅಳುವುದಕ್ಕೂ ಜಾತಿಯಿದೆ

ಕನ್ನಡದ ಸುಶಿಕ್ಷಿತರಿಗೆ ಒಂದು ಹಳೆಯ ಚಟವಿದೆ. ಹಾಳೂರಿಗೆ ಪ್ರವಾಸ ಹೋಗಿ ಅತ್ತು ಬರುವ ಚಟ. ಹಂಪಿಯ ಮುರಿದ ಕಂಬ ಕಂಡರೆ ಸಾಕು, ಕಣ್ಣು ತುಂಬುತ್ತವೆ. ತುಂಬಿದ ಕಣ್ಣು ಒರೆಸಿಕೊಂಡು ಮನೆಗೆ ಬಂದು ಪದ್ಯ ಬರೆಯುತ್ತಾರೆ. ೧೯೦೫ರಲ್ಲಿ ಆಲೂರು ವೆಂಕಟರಾಯರು ಹಂಪಿಗೆ ಹೋದರು. ಆ ಹಾಳು ಕಂಡು ಅವರ ಬದುಕಿನ ದಿಕ್ಕೇ ಬದಲಾಯಿತು. ೧೯೧೭ರಲ್ಲಿ 'ಕರ್ನಾಟಕ ಗತವೈಭವ' ಬಂತು. ಆ ಅಳುವಿನಿಂದ ಒಂದು ಚಳವಳಿಗೆ ಕಸುವು ಸಿಕ್ಕಿತು, ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದವು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆಲೂರರ ಕಣ್ಣೀರು ಸುಳ್ಳಲ್ಲ.

ಆದರೆ ನಮ್ಮ ಪ್ರಶ್ನೆ ಬೇರೆ. ಸಿಂಹಾಸನ ಕಳಕೊಂಡವರಿಗಾಗಿ ಅಳುವುದು ಸಂಸ್ಕೃತಿಯಾದರೆ, ಹಿಡಿ ಹಿಟ್ಟು ಕಳಕೊಂಡವರಿಗಾಗಿ ಅಳುವುದು ಯಾಕೆ ಬರೀ ಗೋಳಾಗುತ್ತದೆ? ಅರಮನೆ ಬಿದ್ದ ದುಃಖಕ್ಕೆ ಟಿಕೆಟ್ಟಿದೆ, ಗೈಡ್ ಇದ್ದಾನೆ, ಉತ್ಸವವಿದೆ. ಗುಡಿಸಲು ಬಿದ್ದ ದುಃಖಕ್ಕೆ ಪಂಚಾಯ್ತಿಯ ಒಂದು ರಸೀದಿಯೂ ಇಲ್ಲ. ಗತವೈಭವ ಅಂತೀರಲ್ಲ ಸ್ವಾಮಿ, ನಮ್ಮ ಗತದಲ್ಲಿ ವೈಭವ ಎಲ್ಲಿತ್ತು? ೧೯೭೩ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ನಾಡಿಗೆ ನಾಡೇ ಕೆಂಡವಾಯಿತು. ಮಂತ್ರಿಗಿರಿ ಹೋಯಿತು. ಅವರು ಎತ್ತಿದ ಪ್ರಶ್ನೆ ಮಾತ್ರ ಹೋಗಲಿಲ್ಲ.

ನಾವು ನಾಲ್ಕೈದು ಜನ, ನಮ್ಮ ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಕಂಡವರು. ನಾವೂ ಒಂದು ಪ್ರವಾಸ ಮಾಡಿದೆವು. ಬಳ್ಳಾರಿಯಿಂದ ಕುರುಗೋಡು, ಕುರುಗೋಡಿನಿಂದ ಸಿರುಗುಪ್ಪ, ಸಿರುಗುಪ್ಪದಿಂದ ತೆಕ್ಕಲಕೋಟೆಯ ಮೇಲೆ ಹಾಯ್ದು ಮತ್ತೆ ಬಳ್ಳಾರಿ. ಗೈಡ್ ಇರಲಿಲ್ಲ. ಕೂಲಿ ಹೆಣ್ಣುಮಕ್ಕಳು ಕಿಕ್ಕಿರಿದಿದ್ದ ಸರ್ಕಾರಿ ಬಸ್ಸಿತ್ತು. ಎರಡೂ ಕಡೆ ಎರೆ ಭೂಮಿ, ಅಲ್ಲಲ್ಲಿ ಬಂಡೆಗುಡ್ಡ. ಈ ದಾರಿಯಲ್ಲಿ ನಮಗೆ ಕಂಡದ್ದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಆದ್ದರಿಂದ ಹೇಳುತ್ತಿದ್ದೇವೆ.

ಮೊದಲು ದಾರಿಯ ಮಾತು. ರಸ್ತೆ ತಾನಾಗಿ ಹುಟ್ಟುವುದಿಲ್ಲ. ಯಾರೋ ಕಲ್ಲು ಒಡೆದಿರಬೇಕು. ೧೮೭೬ರಿಂದ ೧೮೭೮ರವರೆಗೆ ಈ ಸೀಮೆಯಲ್ಲಿ ದೊಡ್ಡ ಬರ ಬಿತ್ತು. ಧಾತು, ಈಶ್ವರ ಎಂಬ ಸಂವತ್ಸರಗಳ ಹೆಸರಿನಲ್ಲಿ ಹಿರಿಯರು ನೆನೆಯುವ ಬರ ಅದೇ. ಆಗ ಬಳ್ಳಾರಿ ಮದ್ರಾಸ್ ಸರ್ಕಾರದ ಕೈಯಲ್ಲಿತ್ತು. ದುಡಿಯುವ ಕಸುವಿದ್ದ ಹಸಿದವರಿಗೆ ಸರ್ಕಾರ ಪುಕ್ಕಟೆ ಅನ್ನ ಹಾಕಲಿಲ್ಲ. ರಸ್ತೆ ಹಾಕಿ, ಜಲ್ಲಿ ಒಡೆಯಿರಿ, ಕೆರೆ ತೋಡಿ, ಆಮೇಲೆ ಉಣ್ಣಿ ಅಂದಿತು. ೧೮೭೭ರ ಜನವರಿ ೧ರಂದು ದಿಲ್ಲಿಯಲ್ಲಿ ವೈಸರಾಯ್ ಲಿಟ್ಟನ್ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಗೆ ಚಕ್ರವರ್ತಿನಿ ಪಟ್ಟ ಕಟ್ಟುತ್ತಿದ್ದ. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಎಂಬ ದೊರೆ ಬರದ ಖರ್ಚು ಕಡಿಮೆ ಮಾಡಲು ಈ ಕಡೆ ಬಂದ. ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕು, ಮೇಲೆ ಒಂದಿಷ್ಟು ಕಾಸು ಕೊಡಿ ಅಂದ. ಒಂದು ಪೌಂಡು ಅಂದರೆ ಅರ್ಧ ಕಿಲೋಕ್ಕೂ ಕಡಿಮೆ. ಅದನ್ನು ತಿಂದು ದಿನಪೂರ್ತಿ ಸುತ್ತಿಗೆ ಎತ್ತಬೇಕು! ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್, ಇದು ಮನುಷ್ಯರನ್ನು ಕೊಲ್ಲುವ ಲೆಕ್ಕ ಎಂದು ವಿರೋಧಿಸಿದ. ಕೆಲವು ತಿಂಗಳ ಮೇಲೆ ಕೂಲಿ ಏರಿತು. ಅಷ್ಟರಲ್ಲಿ ಎಷ್ಟೋ ಜನ ಕಲ್ಲಿನ ಗುಡ್ಡೆಯ ಪಕ್ಕದಲ್ಲೇ ಒರಗಿದ್ದರು. ೧೮೭೧ರ ಜನಗಣತಿಗೂ ೧೮೮೧ರ ಜನಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಜನ ಕಡಿಮೆಯಾದರು.

ಸತ್ತವರು ಯಾರು? ಹಗೇವಿನಲ್ಲಿ ಜೋಳ ತುಂಬಿಟ್ಟಿದ್ದವರೇ? ಅಲ್ಲ. ಭೂಮಿಯಿಲ್ಲದವರು, ಮಗ್ಗ ನಿಂತವರು, ಕೇರಿಯವರು. ಬರ ಅಂದರೆ ಮಳೆ ಬಾರದಿರುವುದಷ್ಟೇ ಅಲ್ಲ. ಇರುವ ಕಾಳು ಯಾರ ಮನೆಯಲ್ಲಿದೆ ಎಂಬುದೇ ಬರ. ಮಳೆ ಎಲ್ಲರಿಗೂ ತಪ್ಪಿತು, ಅನ್ನ ನಮಗೆ ತಪ್ಪಿತು.

ಇಷ್ಟಾಗಿ ಇಪ್ಪತ್ತೆರಡು ವರ್ಷಕ್ಕೆ, ೧೯೦೦ರಲ್ಲಿ, ಬಳ್ಳಾರಿಯಲ್ಲಿ ಅಧಿಕಾರ ನಡೆಸಿದ್ದ ರಾಬರ್ಟ್ ಸೀವೆಲ್ ಎಂಬ ಸಿವಿಲ್ ಅಧಿಕಾರಿಯ ಪುಸ್ತಕ ಹೊರಬಂತು. ವಿಜಯನಗರದ ಚರಿತ್ರೆ. ಅದರ ಹೆಸರಿನಲ್ಲೇ ಮರೆತುಹೋದ ಸಾಮ್ರಾಜ್ಯ ಎಂಬ ಮಾತಿದೆ. ನಮ್ಮ ಪಂಡಿತರು ಅದನ್ನು ಎದೆಗೊತ್ತಿಕೊಂಡರು. ಮುನ್ನೂರು ವರ್ಷದ ಹಿಂದೆ ಬಿದ್ದ ಸಾಮ್ರಾಜ್ಯ ಮರೆತುಹೋಯಿತೆಂದು ಮರುಗಿದ ನಾಡು, ಕಣ್ಣೆದುರೇ ಮೊನ್ನೆ ಮೊನ್ನೆ ಸತ್ತ ಐದರಲ್ಲೊಂದು ಪಾಲನ್ನು ನೆನೆಯಲಿಲ್ಲ. ಕಲ್ಲಿನ ರಥ ಕಂಡಿತು, ಕಲ್ಲು ಒಡೆದವಳು ಕಾಣಲಿಲ್ಲ. ಈ ಮರೆವು ಅಕಸ್ಮಾತ್ತಲ್ಲ ಗೆಳೆಯರೆ. ಇದು ಕಲಿಸಿಕೊಟ್ಟ ಮರೆವು.

ಕುರುಗೋಡಿಗೆ ಬಂದೆವು. ಕಲ್ಯಾಣದ ಚಾಲುಕ್ಯರ ಕೈಕೆಳಗೆ ಸಿಂದರು ಆಳಿದ ಊರು. ಬೆಟ್ಟದಡಿ ಹಳೆಯ ಗುಡಿಗಳು, ದೊಡ್ಡಬಸವೇಶ್ವರನ ಗುಡಿಯಲ್ಲಿ ಒಂದೇ ಬಂಡೆಯ ಭಾರಿ ಬಸವಣ್ಣ. ದಾನ ಕೊಟ್ಟವರ ಹೆಸರು ಶಾಸನದಲ್ಲಿ ಸಿಗುತ್ತವೆ. ಬಂಡೆ ಎಳೆದವರ ಹೆಸರು ಹುಡುಕಿ ನೋಡೋಣ ಬನ್ನಿ.

ಇಲ್ಲಿ ಇನ್ನೊಂದು ಪ್ರವಾಸದ ಕಥೆ ಹೇಳಬೇಕು. ಊರಗೌಡ ಸತ್ತರೆ ಆ ಸುದ್ದಿಯನ್ನು ನೆಂಟರ ಊರಿಗೆ ಮುಟ್ಟಿಸುವವರು ಯಾರಾಗಿದ್ದರು? ನಮ್ಮ ಅಜ್ಜಂದಿರು. ಹೊತ್ತಿಲ್ಲ ಗೊತ್ತಿಲ್ಲ, ಮಳೆಯಿಲ್ಲ ಬಿಸಿಲಿಲ್ಲ, ಬರಿಗಾಲಲ್ಲಿ ಓಡಬೇಕು. ಮುಟ್ಟಿದ ಊರಲ್ಲಿ ಅಂಗಳದಾಚೆ ನಿಂತು ಕೂಗಿ ಹೇಳಬೇಕು. ನೀರು ಕೊಟ್ಟರೆ ಬೊಗಸೆಗೆ ಎತ್ತಿ ಹೊಯ್ಯುತ್ತಿದ್ದರು. ತಿರುಗಿ ಬಂದು ಕುಣಿ ತೋಡಬೇಕು, ಹೆಣದ ಮುಂದೆ ಹಲಗೆ ಬಾರಿಸಬೇಕು. ಕೂಲಿ ಅಂದರೆ ಹೆಣದ ಮೇಲಿನ ಬಟ್ಟೆ, ಒಂದಿಷ್ಟು ಕಾಳು. ದುಃಖದ ದಾರಿಯನ್ನು ನಮಗಿಂತ ಹೆಚ್ಚು ತುಳಿದವರು ಈ ನಾಡಿನಲ್ಲಿ ಯಾರಿದ್ದಾರೆ? ಬೇರೆಯವರ ದುಃಖವನ್ನು ತಲೆಮೇಲೆ ಹೊತ್ತು ಮೈಲಿಗಟ್ಟಲೆ ಓಡಿದವರು ನಾವು. ಅದೇ ಅಜ್ಜ ಸತ್ತ ದಿನ ಊರಿನಿಂದ ಒಂದು ನರಪಿಳ್ಳೆ ಕೇರಿಗೆ ಬರಲಿಲ್ಲ. ಅವನ ಸುದ್ದಿ ಒಯ್ಯಲು ಯಾರೂ ಓಡಲಿಲ್ಲ.

ಅದೆಲ್ಲ ಹಿಂದಿನ ಮಾತು, ಈಗ ಫೋನ್ ಬಂದಿದೆ, ಯಾರು ಓಡ್ತಾರೆ ಅಂತ ಕೇಳುವವರಿದ್ದಾರೆ. ಸರಿ. ವಂಶಪಾರಂಪರ್ಯದ ಊರ ಚಾಕರಿಯನ್ನು ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕಾಗದದ ಮೇಲೆ ತೆಗೆದುಹಾಕಿತು. ದಲಿತ ಸಂಘರ್ಷ ಸಮಿತಿಯ ಹುಡುಗರು ಊರೂರಿಗೆ ಹೋಗಿ, ಹೆಣದ ಮುಂದೆ ಬಿಟ್ಟಿ ಹಲಗೆ ಬಾರಿಸಬೇಡಿ ಅಂದರು. ಬಾರಿಸದ ಕೇರಿಗೆ ಬಹಿಷ್ಕಾರ ಬಿತ್ತು. ಅಂಗಡಿಯಲ್ಲಿ ಉಪ್ಪು ನಿಂತಿತು, ಹೊಲದಲ್ಲಿ ಕೂಲಿ ನಿಂತಿತು. ಫೋನ್ ಬಂದದ್ದರಿಂದ ಓಟ ನಿಂತಿರಬಹುದು. ಕುಣಿ ತೋಡುವ ಗುದ್ದಲಿ ಇವತ್ತಿಗೂ ಯಾರ ಕೈಯಲ್ಲಿದೆ, ಹಲಗೆ ಯಾರ ಹೆಗಲಲ್ಲಿದೆ ಎಂದು ನಿಮ್ಮ ಊರಲ್ಲೇ ನೋಡಿರಿ.

ಸಿರುಗುಪ್ಪ ಬತ್ತದ ಸೀಮೆ. ೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. ಜೋಳ ಬೆಳೆಯುತ್ತಿದ್ದ ಎರೆ ಹೊಲ ಗದ್ದೆಯಾಯಿತು, ಕ್ಯಾಂಪುಗಳೆದ್ದವು, ರೈಸ್‌ಮಿಲ್ಲುಗಳೆದ್ದವು. ಒಳ್ಳೆಯದೇ. ನೀರು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ನೀರು ಭೂಮಿ ಇದ್ದವನ ಕಡೆಗೆ ಹರಿಯುತ್ತದೆ. ೧೯೭೪ರ ಭೂಸುಧಾರಣೆ ಉಳುವವನಿಗೆ ಭೂಮಿ ಅಂದಿತು. ಉಳುವವನೆಂದರೆ ಗೇಣಿದಾರ ಎಂದಾಯಿತು. ಗೇಣಿಯೂ ಇಲ್ಲದೆ ಬರೀ ಮೈಮುರಿದು ದುಡಿಯುವವನು ಆ ಫಾರಂ ತುಂಬುವುದಾದರೂ ಹೇಗೆ? ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೇ ಗೇಟು ಕೊಚ್ಚಿಹೋಯಿತು. ನಾಡೆಲ್ಲ ಗಾಬರಿಯಾಯಿತು, ಮಂತ್ರಿಗಳು ಓಡಿಬಂದರು. ರೈತರ ಬೆಳೆಯ ಚಿಂತೆ ನ್ಯಾಯವಾದದ್ದೇ. ನಾಟಿ ಹಚ್ಚುವ ಹೆಣ್ಣಾಳಿನ ಕೂಲಿ ಹೋದರೆ ಯಾರು ತುಂಬಿಕೊಡುತ್ತಾರೆ ಎಂದು ಕೇಳಿದವರೆಷ್ಟು? ಕೆಸರಲ್ಲಿ ಸೊಂಟ ಬಗ್ಗಿಸಿದವಳ ಹೆಸರು ಪಹಣಿಯಲ್ಲಿಲ್ಲ. ಪಹಣಿಯಲ್ಲಿ ಇಲ್ಲದವಳು ಪರಿಹಾರದ ಪಟ್ಟಿಯಲ್ಲೂ ಇಲ್ಲ.

ಸಿರುಗುಪ್ಪದಿಂದ ಬಳ್ಳಾರಿಗೆ ತಿರುಗುವ ದಾರಿಯಲ್ಲಿ ತೆಕ್ಕಲಕೋಟೆ. ೧೯೬೦ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಇಲ್ಲಿ ಅಗೆದರು. ನವಶಿಲಾಯುಗದ ಜನರ ಮನೆ, ಮಡಕೆ, ಕಲ್ಲಿನ ಕೊಡಲಿ ಸಿಕ್ಕವು. ಸಮಾಧಿಗಳೂ ಸಿಕ್ಕವು. ಮೂರು ಸಾವಿರ ವರ್ಷಕ್ಕೂ ಹಿಂದೆ, ಇಲ್ಲಿ ದನ ಕಾಯ್ದುಕೊಂಡಿದ್ದ ಆ ಜನ, ಸತ್ತ ಎಳೆಗೂಸನ್ನು ಮಡಕೆಯಲ್ಲಿಟ್ಟು ತಾವು ಬಾಳುವ ಜಾಗದಲ್ಲೇ ಹೂಳುತ್ತಿದ್ದರು. ಕೂಸನ್ನು ದೂರ ಕಳಿಸಲು ಮನಸ್ಸು ಒಪ್ಪದಿದ್ದವರು ಅವರು ಎಂದು ನಮಗೆ ಅನಿಸಿತು. ಆ ಗುಡ್ಡದಲ್ಲಿ ಊರು ಬೇರೆ ಕೇರಿ ಬೇರೆ ಎಂದು ಗೆರೆ ಎಳೆದ ಮನು ಇನ್ನೂ ಹುಟ್ಟಿರಲಿಲ್ಲ.

ಅಂಥ ನೆಲದಲ್ಲಿ ಇವತ್ತು ಹೆಣ ಹೂಳಲು ಜಾಗವಿಲ್ಲ! ಕೇರಿಯಲ್ಲಿ ಸಾವಾದರೆ ಅಳುವ ಮೊದಲು ಯೋಚನೆ ಮಾಡಬೇಕು: ಎಲ್ಲಿ ಮಣ್ಣು ಮಾಡೋದು? ಹಳ್ಳದ ದಂಡೆಯೋ, ರಸ್ತೆಯ ಬದಿಯೋ? ಗೌಡರ ಹೊಲದ ಬದು ದಾಟಿದರೆ ಜಗಳ, ಮಳೆ ಬಂದರೆ ಹಳ್ಳ ಹೆಣವನ್ನೇ ಎತ್ತಿಕೊಂಡು ಹೋಗುತ್ತದೆ. ೨೦೧೯ರಲ್ಲಿ ರಾಜ್ಯದ ಹೈಕೋರ್ಟು, ಸ್ಮಶಾನವಿಲ್ಲದ ಊರುಗಳಿಗೆ ಜಾಗ ಕೊಡಿ ಎಂದು ಆದೇಶಿಸಿತು. ಸರ್ಕಾರ ಎಳೆದಾಡಿತು. ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬೇಕಾಯಿತು. ಸತ್ತವನಿಗೆ ಆರಡಿ ಮೂರಡಿ ಕೇಳಲು ಬದುಕಿದ್ದವನು ಕೋರ್ಟು ಹತ್ತಬೇಕು. ಎಲ್ಲಿ ಹೂತೆವೆಂದು ತೋರಿಸಲು ನೆಲವೇ ಇಲ್ಲದವರಿಗೆ ನೆನಪಿನ ಪಾಠ ಹೇಳಲು ಬರಬೇಡಿ.

ಬಳ್ಳಾರಿ ಮುಟ್ಟಿದೆವು. ಈ ಊರು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮದ ಹಿಂದಿನ ರಾತ್ರಿ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ದಾಳಿಗೆ ತುತ್ತಾಗಿ ಸತ್ತರು. ಕನ್ನಡಕ್ಕಾಗಿ ಜೀವ ಕೊಟ್ಟವರು ಹತ್ತಿ ಹಿಂಜುವ ಬಡ ಜಾತಿಯ ಮುಸ್ಲಿಮರು. ನವೆಂಬರ್ ಒಂದರ ಭಾಷಣಗಳಲ್ಲಿ ಸಾಮ್ರಾಟರ ಹೆಸರು ಎಷ್ಟು ಸಲ, ಈ ಹೆಸರು ಎಷ್ಟು ಸಲ? ಎಣಿಸಿ ನೋಡಿ.

ಇದೇ ಊರಿನ ಜಿಲ್ಲಾ ಆಸ್ಪತ್ರೆಯಲ್ಲಿ ೨೦೨೪ರ ನವೆಂಬರ್‌ನಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಮೈಗೆ ಏರಿಸಿದ ಗ್ಲೂಕೋಸಿನಂಥ ದ್ರಾವಣದ ಮೇಲೆ ಅನುಮಾನ ಬಂತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು, ಪರಿಹಾರ ಘೋಷಣೆಯಾಯಿತು. ದುಡ್ಡಿದ್ದವರು ಹೆರಿಗೆಗೆ ಬೇರೆ ಆಸ್ಪತ್ರೆಗೆ ಹೋಗುತ್ತಾರೆ. ಸರ್ಕಾರಿ ಆಸ್ಪತ್ರೆಯ ಹಾಸಿಗೆ ನಮ್ಮ ಅಕ್ಕತಂಗಿಯರದು. ನೂರೈವತ್ತು ವರ್ಷದ ಹಿಂದೆ ಒಂದು ಪೌಂಡು ಸಾಕು ಅಂದವನ ಲೆಕ್ಕವೂ, ಬಡವರ ನರಕ್ಕೆ ಯಾವ ಬಾಟಲಿಯಾದರೂ ನಡೆಯುತ್ತದೆ ಎಂಬ ಲೆಕ್ಕವೂ ಒಂದೇ ಕೈಬರಹದವು.

ಹಳೆಯ ಗಾಯ ಯಾಕ ಕೆರೀತೀರಿ ಅಂತಾರ ಕೆಲವರು. ಗಾಯ ಹಳೆಯದಾಗಿದ್ದರೆ ನಾವೂ ಕೆರೆಯುತ್ತಿರಲಿಲ್ಲ. ಅದು ದಿನಾ ಹೊಸದಾಗುತ್ತಿದೆ. ಸಾವಿಗೆ ಜಾತಿಯಿಲ್ಲ, ಮಣ್ಣಲ್ಲಿ ಎಲ್ಲರೂ ಒಂದೇ ಅಂತ ವೇದಾಂತ ಹೇಳುವವರೂ ಇದ್ದಾರೆ. ಅವರನ್ನು ಕೇಳುತ್ತೇವೆ: ಆ ಮಣ್ಣು ಎಲ್ಲಿದೆ, ಸರ್ವೆ ನಂಬರ್ ಎಷ್ಟು? ಇನ್ನು ಕೆಲವರು ವೇದಿಕೆಯ ಮೇಲೆ ನಮ್ಮ ನೋವನ್ನು ಹಾಡಿ ಚಪ್ಪಾಳೆ ಪಡೆದು ಶಾಲು ಹೊದ್ದು ಮನೆಗೆ ಹೋಗುತ್ತಾರೆ. ಅವರಿಗೂ ಹೇಳುತ್ತೇವೆ: ಕೇರಿಯ ಕಣ್ಣೀರು ಮಾರಾಟಕ್ಕಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಹಳ್ಳಿಯ ಮೇಷ್ಟ್ರುಗಳೆ, ನಿಮ್ಮ ತರಗತಿಯ ಮಕ್ಕಳಿಗೆ ಒಂದು ಕೆಲಸ ಹಚ್ಚಿರಿ. ಮನೆಯ ಮುದುಕಿಯನ್ನು ಕೂಡಿಸಿಕೊಂಡು ಅವಳ ಅವ್ವ ಹೇಗೆ ಸತ್ತಳು, ಯಾವ ಬರದಲ್ಲಿ ಯಾವ ಕೂಲಿಗೆ ಹೋದಳು, ಎಲ್ಲಿ ಹೂತರು ಎಂದು ಕೇಳಿ ಬರೆದುಕೊಂಡು ಬರಲಿ. ಅದೇ ಇತಿಹಾಸದ ನೋಟ್ ಪುಸ್ತಕ. ವಿದ್ಯಾರ್ಥಿ ಮಿತ್ರರೆ, ನಿಮ್ಮ ಕೇರಿಯ ಸ್ಮಶಾನಕ್ಕೆ ಸರ್ವೆ ನಂಬರ್ ಇದೆಯೇ ನೋಡಿರಿ. ಇದ್ದರೆ ಅಳೆಸಿರಿ, ಒತ್ತುವರಿ ಬಿಡಿಸಿರಿ. ಇಲ್ಲದಿದ್ದರೆ ಹೈಕೋರ್ಟಿನ ಆದೇಶ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಯಕರ್ತರೆ, ಬಿಟ್ಟಿ ಕುಣಿ, ಬಿಟ್ಟಿ ಹಲಗೆ ಒಲ್ಲೆನೆಂದ ಕೇರಿಯನ್ನು ಒಂಟಿಯಾಗಿ ಬಿಡಬೇಡಿರಿ. ಬಹಿಷ್ಕಾರ ಹಾಕಿದ ದಿನವೇ ಅಲ್ಲಿಗೆ ಹೋಗಿರಿ, ಪೊಲೀಸ್ ಠಾಣೆಯಲ್ಲಿ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಬರೆಸಿರಿ.

ನಮಗೆ ಸಾಮ್ರಾಜ್ಯ ಬೇಡ. ಸತ್ತವರಿಗೆ ನೆಲ ಬೇಕು, ಬದುಕಿದವರಿಗೆ ಕೂಲಿ ಬೇಕು, ಇಬ್ಬರಿಗೂ ಹೆಸರು ಬೇಕು. ಕೊಡದಿದ್ದರೆ ಬಿಡುವವರಲ್ಲ. ಇಷ್ಟು ದಿನ ನಿಮ್ಮ ಸಾವಿನ ಸುದ್ದಿ ಹೊತ್ತು ಓಡಿದ ಕಾಲುಗಳು ಇವು. ಇನ್ನು ಮುಂದೆ ನಮ್ಮ ಬದುಕಿನ ಸುದ್ದಿ ಹೊತ್ತು ಊರೂರಿಗೆ ನಡೆಯುತ್ತವೆ.