ಮೈಲೇಜ್ ಆಮೇಲೆ ಕೇಳಿ
ಗಾಡಿ ಕೊಳ್ಳಲು ಹೋದವರೆಲ್ಲ ಮೊದಲು ಕೇಳುವುದು ಮೈಲೇಜ್. ನಾನಾದರೆ ಚಕ್ರ ನೋಡುತ್ತೇನೆ. ಸ್ಪ್ಲೆಂಡರ್ ಬೈಕಿನದು 18 ಇಂಚು, ಆಕ್ಟಿವಾ ಸ್ಕೂಟರಿನ ಹಿಂದಿನ ಚಕ್ರ 10 ಇಂಚು. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳಲ್ಲಿ ದೊಡ್ಡದು ಗುಂಡಿ ದಾಟಿಕೊಂಡು ಹೋಗುತ್ತದೆ, ಚಿಕ್ಕದು ಒಳಗೇ ಇಳಿಯುತ್ತದೆ. ದಂಡ ತೆರುವುದು ಸೊಂಟ. ಹಳ್ಳಿಯಿಂದ ದಿನಾ ತಾಲ್ಲೂಕಿಗೆ ಓಡಾಡುವವರಿಗೆ 100 ಸಿಸಿ ಬೈಕೇ ಸರಿ. ಬೆಂಗಳೂರಿನ ಮಾತು ಬೇರೆ. ಹೆಜ್ಜೆಗೊಂದು ಸಿಗ್ನಲ್, ಕ್ಲಚ್ ಹಿಡಿದು ಬಿಟ್ಟು ಎಡಗೈ ಸೋತುಹೋಗುತ್ತದೆ. ಅಲ್ಲಿ ಗೇರಿಲ್ಲದ ಸ್ಕೂಟರೇ ಹಾಯಿ: ಕಾಲಿಡುವ ಜಾಗದಲ್ಲಿ ಅಕ್ಕಿ ಮೂಟೆ ಕೂರುತ್ತದೆ, ಸೀರೆ ಉಟ್ಟವರೂ ಸಲೀಸಾಗಿ ಓಡಿಸುತ್ತಾರೆ. (ಟ್ಯಾಂಕಿನ ಮೇಲೇ ಮೂಟೆ ಹೇರಿಕೊಂಡು ಬೈಕ್ ಓಡಿಸುವ ಮಹನೀಯರ ವಿಷಯ ಬಿಡಿ.) ಆದರೆ ಬೈಕಿನ ಚೈನ್ ಸಡಿಲವಾದರೆ ಮೂಲೆಯಂಗಡಿಯವನೂ ಬಿಗಿ ಮಾಡಿಕೊಡುತ್ತಾನೆ, ಸ್ಕೂಟರಿನ ಬೆಲ್ಟ್ ಕಿತ್ತರೆ ತಳ್ಳಿಕೊಂಡು ಹೋಗುವುದೇ ಗತಿ.