ತೋಡಿದ ಬಾವಿಗೆ ಮಣ್ಣು



ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಆದರೆ ಮುಂಚಿತವಾಗಿಯೇ ಬಾವಿಯನ್ನು ತೋಡಿ, ನೀರನ್ನೂ ಕಂಡು, ಬೆಂಕಿ ತುಸು ಅಡಗಿದೊಡನೆ ಅದೇ ಬಾವಿಗೆ ಮಣ್ಣು ತುಂಬುವವರೂ ಲೋಕದಲ್ಲಿ ಇರಬಹುದೆಂದು ಅವರು ಎಣಿಸಿರಲಾರರು. ಅಮೇರಿಕದ ಚಿಕಾಗೋ ನಗರದ ವೃತ್ತಾಂತವು ಇಂಥದಾಗಿದೆ. ಮಕ್ಕಳೊಂದಿಗರಾದ ಗೃಹಸ್ಥರೆಲ್ಲರೂ ಅದನ್ನು ತಿಳಿಯತಕ್ಕದ್ದು.

ಆ ನಗರದ ಕೆಲವು ಕೇರಿಗಳಲ್ಲಿ ಮೀಸೆ ಮೂಡದ ಹುಡುಗರು ಸಹ ಸಣ್ಣ ಮಾತಿಗೆ ಬಂದೂಕನ್ನೆತ್ತುವುದುಂಟು. ಒಬ್ಬನು ಗಾಯಗೊಂಡರೆ ಅವನ ಗೆಳೆಯರು ಸೇಡಿಗೆ ಹೊರಡುವರು. ಆ ಸೇಡಿಗೆ ಮತ್ತೊಂದು ಸೇಡು ಹುಟ್ಟುವುದು. ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು ಆಫ್ರಿಕಾ ಖಂಡದಲ್ಲಿ ಕಾಲರಾ ಮೊದಲಾದ ಜಾಡ್ಯಗಳ ನಿವಾರಣೆಗಾಗಿ ದುಡಿದು, 1995ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಬಳಿಕ ಇದನ್ನು ನೋಡಿ, ಹಿಂಸೆಯೂ ಅಂಟುಜಾಡ್ಯದಂತೆ ಒಬ್ಬರಿಂದೊಬ್ಬರಿಗೆ ಹಬ್ಬುತ್ತದೆಂದು ನಿಶ್ಚಯಿಸಿದರು. ಜಾಡ್ಯವನ್ನು ತಡೆಯುವ ವಿಧಾನದಿಂದಲೇ ಇದನ್ನೂ ತಡೆಯಬಹುದೆಂದು ಬಗೆದು, 2000ದಲ್ಲಿ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಎಂಬ ಕೇರಿಯಲ್ಲಿ ‘ಸೀಸ್‌ಫೈರ್’ ಎಂಬ ಕಾರ್ಯವನ್ನು ಆರಂಭಿಸಿದರು.

2004ರಿಂದ ಈ ಕಾರ್ಯದಲ್ಲಿ ಮಧ್ಯಸ್ಥರೆಂಬ ನೌಕರರು ಸೇರಿದರು. ಇವರು ಹೊರಗಿನಿಂದ ಬಂದ ಪಂಡಿತರಲ್ಲ. ಅದೇ ಕೇರಿಯಲ್ಲಿ ಬೆಳೆದವರು. ಅನೇಕರು ತಾವೇ ಹಿಂದೆ ತಪ್ಪು ಮಾಡಿ ಸೆರೆಮನೆಯನ್ನು ಕಂಡವರು. ಹುಡುಗನೊಬ್ಬನಿಗೆ ಗುಂಡು ತಗಲಿತೆಂದರೆ ಇವರು ಆಸ್ಪತ್ರೆಗೆ ಹೋಗಿ, ಹಾಸಿಗೆಯ ಬಳಿ ಕುದಿಯುತ್ತಿರುವ ಅಣ್ಣತಮ್ಮಂದಿರನ್ನೂ ಗೆಳೆಯರನ್ನೂ ಸಮಾಧಾನಪಡಿಸುವರು. ಶವಸಂಸ್ಕಾರದ ಸ್ಥಳದಲ್ಲಿಯೂ ಎಚ್ಚರದಿಂದಿರುವರು. ಕೇಳಿದ ಗುಟ್ಟನ್ನು ಪೋಲೀಸಿನವರಿಗೆ ಒಪ್ಪಿಸುವುದಿಲ್ಲ. ಒಪ್ಪಿಸಿದರೆ ಮರುದಿನ ಯಾರೂ ಅವರೊಡನೆ ಮಾತನಾಡರು. ಅವರ ಜೊತೆಗಾರರು ಅಂಥ ಹುಡುಗರನ್ನು ತಿಂಗಳುಗಟ್ಟಲೆ ವಿಚಾರಿಸಿಕೊಳ್ಳುತ್ತ, ಶಾಲೆಗೋ ಕೆಲಸಕ್ಕೋ ಸೇರಿಸಲು ಯತ್ನಿಸುವರು.

“ಸೆರೆಮನೆಯಿಂದ ಬಂದವರಿಗೆ ಸಾರ್ವಜನಿಕರ ಹಣದಿಂದ ಸಂಬಳವೇ?” ಎಂದು ಗೃಹಸ್ಥರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಕೋವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ ಹುಡುಗನು ನಡುರಾತ್ರಿಯಲ್ಲಿ ಯಾರ ಮಾತಿಗೆ ನಿಂತಾನು? ನಿಮ್ಮ ಮಾತಿಗಲ್ಲ, ನನ್ನ ಮಾತಿಗಲ್ಲ. ಆ ದಾರಿಯಲ್ಲಿ ನಡೆದು, ಕೆಟ್ಟು, ಹಿಂದಿರುಗಿ ಬಂದವನ ಮಾತಿಗೆ ನಿಂತರೂ ನಿಂತಾನು. ಆ ಕೆಲಸಕ್ಕೆ ಬೇಕಾದ ವಿದ್ಯೆಯು ಅವನಲ್ಲಿಯೇ ಇರುವುದರಿಂದ ಸಂಬಳವೂ ಅವನಿಗೇ ಸಲ್ಲತಕ್ಕದ್ದು.

ಫಲವಾಯಿತೇ ಎಂದರೆ, 2008ರಲ್ಲಿ ಪ್ರಕಟವಾದ ವಿಶ್ವವಿದ್ಯಾನಿಲಯದವರ ಪರಿಶೋಧನೆಯೊಂದರಲ್ಲಿ, ನೋಡಿದ ಏಳು ಪ್ರದೇಶಗಳ ಪೈಕಿ ಹಲವೆಡೆ ಗುಂಡಿನ ಹಾವಳಿ ತಗ್ಗಿದುದು ಕಂಡುಬಂದಿತು. ಎಲ್ಲ ಊರುಗಳಲ್ಲಿಯೂ ಹೀಗಾಯಿತೆಂದು ಹೇಳಲಾಗದು. ಪಿಟ್ಸ್‌ಬರ್ಗ್ ನಗರದ ಇಂಥದೇ ಪ್ರಯತ್ನವು ಸಫಲವಾಗಲಿಲ್ಲ. ಔಷಧವು ಒಳ್ಳೆಯದಾದರೂ ಕೊಡುವ ಕ್ರಮ ಕೆಟ್ಟರೆ ರೋಗ ವಾಸಿಯಾಗದಷ್ಟೆ. ಚಿಕಾಗೋದಲ್ಲಿಯೇ ಮತ್ತೊಂದು ಉಪಾಯವನ್ನೂ ಪರೀಕ್ಷಿಸಿದರು. 2012ರ ಬೇಸಗೆಯಲ್ಲಿ 13 ಶಾಲೆಗಳ 1,634 ವಿದ್ಯಾರ್ಥಿಗಳಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, 8 ವಾರಗಳ ಸಂಬಳದ ಕೆಲಸವನ್ನು ಕೊಟ್ಟರು. ಮುಂದಿನ 16 ತಿಂಗಳಲ್ಲಿ ಹಿಂಸೆಯ ಅಪರಾಧಗಳಿಗಾಗಿ ಆದ ಬಂಧನಗಳು, ಕೆಲಸ ದೊರೆಯದವರಿಗಿಂತ ಇವರಲ್ಲಿ ನೂರಕ್ಕೆ 43ರಷ್ಟು ಕಡಮೆಯಾಗಿದ್ದುವು.

ಇನ್ನು ಹಣದ ಸಂಗತಿ. 2007ರಲ್ಲಿ ರಾಜ್ಯದ ಸಹಾಯಧನವು ನಿಂತುಹೋಗಿ ಸೀಸ್‌ಫೈರಿನ ಬಹುಪಾಲು ಕೇಂದ್ರಗಳು ಮುಚ್ಚಿದುವು. ಮುಂದೆ ಹಣ ಬಂದಿತು. 2015ರಲ್ಲಿ ಮತ್ತೆ ನಿಂತಿತು. 2022ರಲ್ಲಿ ಅಮೇರಿಕದ ಕೇಂದ್ರ ಸರ್ಕಾರವು ದೇಶದಲ್ಲೆಲ್ಲ ಇಂಥ ಕಾರ್ಯಗಳಿಗಾಗಿ ಐದು ವರುಷಗಳಿಗೆ 25 ಕೋಟಿ ಡಾಲರುಗಳನ್ನು ಕಾಯಿದೆಯ ಮೂಲಕ ಗೊತ್ತುಮಾಡಿತು. 2025ರ ಏಪ್ರಿಲಿನಲ್ಲಿ ಅಲ್ಲಿನ ನ್ಯಾಯಾಂಗ ಇಲಾಖೆಯು ಹಿಂಸಾನಿವಾರಣೆಯ ಅನೇಕ ಅನುದಾನಗಳನ್ನು ಅವಧಿಗೆ ಮುಂಚೆಯೇ ರದ್ದುಗೊಳಿಸಿತು.

ಸೇತುವೆಯ ಕೆಲಸ ಒಂದು ವರುಷ ನಿಂತರೆ ಕಲ್ಲು ಅಲ್ಲಿಯೇ ಬಿದ್ದಿರುತ್ತದೆ. ಹಣ ಬಂದಾಗ ಮತ್ತೆ ಕಟ್ಟಬಹುದು. ನಂಬಿಕೆ ಹಾಗಲ್ಲ. “ನಾಳೆ ಬಾ, ಕೆಲಸದ ವಿಷಯ ಮಾತಾಡೋಣ” ಎಂದು ಹುಡುಗನಿಗೆ ಹೇಳಿದ ಮಧ್ಯಸ್ಥನಿಗೆ ಆ ನಾಳೆಯೇ ಕೆಲಸವಿಲ್ಲವೆಂದರೆ, ಹುಡುಗನು ಯಾವ ಬಾಗಿಲನ್ನು ತಟ್ಟಬೇಕು? ಮಾತು ಕೊಟ್ಟು ತಪ್ಪಿದವರ ಪಟ್ಟಿಯಲ್ಲಿ ಇವನ ಹೆಸರನ್ನೂ ಸೇರಿಸಿಕೊಂಡು ಅವನು ಬೀದಿಗೆ ಹಿಂದಿರುಗುವನು. ಎರಡು ವರುಷದ ಅನಂತರ ಹೊಸ ಹಣದೊಡನೆ ಹೊಸ ಮುಖವೊಂದು ಬಂದರೆ, ಅದನ್ನು ನಂಬಲು ಆ ಕೇರಿಗೆ ಕಾರಣವೇನಿದೆ?

ಆದುದರಿಂದ ಇಂಥ ಕಾರ್ಯಗಳಿಗೆ ಧನ ನೀಡುವವರು, ಸರ್ಕಾರವಾಗಲಿ ದಾನಿಗಳಾಗಲಿ, ಮೂರು ಸಂಗತಿಗಳನ್ನು ನೆನಪಿನಲ್ಲಿಡುವುದು ಲೇಸು. ಒಮ್ಮೆಗೇ ಹೆಚ್ಚು ಕೊಡುವುದಕ್ಕಿಂತ ಹಲವು ವರುಷ ತಪ್ಪದೆ ಕೊಡಬೇಕು. ಕಟ್ಟಡಕ್ಕೂ ಫಲಕಕ್ಕೂ ಮೊದಲು ದುಡಿಯುವವರ ಸಂಬಳವನ್ನು ಭದ್ರಪಡಿಸಬೇಕು. ಲೆಕ್ಕವನ್ನೂ ಫಲವನ್ನೂ ಕಟ್ಟುನಿಟ್ಟಾಗಿ ಕೇಳಬೇಕು. ಆದರೆ ಉತ್ತರ ಬರುವಷ್ಟು ಕಾಲವನ್ನೂ ಕೊಡಬೇಕು. ಬಿತ್ತಿದ ಮರುದಿನವೇ ಮಣ್ಣನ್ನು ಕೆದಕಿ ಮೊಳಕೆಯನ್ನು ಹುಡುಕುವ ಬೇಸಾಯಗಾರನುಂಟೆ?

ಉಳಿದ ಜೀವಗಳು ಯಾವ ವರದಿಯಲ್ಲಿಯೂ ಹೆಸರು ಹಿಡಿದು ಕಾಣವು. ನಡೆಯದ ಕೊಲೆಗೆ ಸಾಕ್ಷಿಯಿಲ್ಲ. ಆ ರಾತ್ರಿ ಮಗನು ಬಾಗಿಲು ತಟ್ಟಿ ಒಳಗೆ ಬಂದುದು ತಾಯಿಯೊಬ್ಬಳಿಗೆ ಮಾತ್ರ ತಿಳಿದಿರುತ್ತದೆ. ಅವನನ್ನು ತಡೆದು ನಿಲ್ಲಿಸಿದವರು ಯಾರೆಂಬುದು ಅವಳಿಗೂ ತಿಳಿದಿರದು. ಬಾವಿಗೆ ಮಣ್ಣು ತುಂಬಲು ಹೊರಟವರು ಅವಳನ್ನೊಮ್ಮೆ ನೆನೆಯಲಿ.